ಗೆದ್ದ ಮೇಲೂ ಬಿಚ್ಚದ ಪೆಟ್ಟಿಗೆ

ನ್ಯಾಯಾಧೀಶರ ನೇಮಕಾತಿ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನನ್ನ ತಂಗಿ ಮೊಕದ್ದಮೆ ಗೆದ್ದಿದ್ದಾಳೆ. ಅಂದಿನಿಂದ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಗೆದ್ದವರೂ ಹೆದರಿ ಕೂರಬೇಕಾದ ನ್ಯಾಯಾಲಯವನ್ನು ತಾವು ಕಟ್ಟುತ್ತಿದ್ದೀರಿ ಎಂಬುದೇ ನನ್ನ ದೂರು.

ತಂಗಿಯೂ ಅವಳ ಗಂಡನೂ ಬೇರೆಯಾದರು. ಏಳು ವರ್ಷದ ಮಗಳು ಯಾರ ಬಳಿ ಇರಬೇಕೆಂಬುದು ವ್ಯಾಜ್ಯ. ಮೊದಲ ದಿನ ವಕೀಲರು ಮೇಜಿನ ಮೇಲಿನ ಕಡತಗಳನ್ನು ಸರಿಸಿ, ಮೊಣಕೈಗೆ ಜಾಗ ಮಾಡಿಕೊಂಡು ಕೇಳಿದರು:

“ನಿಮ್ಮ ಮನೆಯವರ ಓಟು ಯಾರಿಗೆ?”

“ಮಗು ವಿಷಯಕ್ಕೆ ಬಂದಿದ್ದೀವಿ ಸಾರ್,” ಎಂದಳು ತಂಗಿ.

“ಅದಕ್ಕೇ ಕೇಳಿದ್ದಮ್ಮ. ಅವರ ಪಕ್ಷ ಹಾಕಿಸಿದ ಜಡ್ಜು ಕೂತಿದ್ರೆ ವಾಯಿದೆ ತಗೋತೀನಿ. ನಮ್ಮವರು ಬಂದ ದಿನ ವಾದ ಮಾಡ್ತೀನಿ. ಆ ಕಡೆ ವಕೀಲರೂ ಇದನ್ನೇ ಮಾಡ್ತಾರೆ, ಬೇಜಾರು ಮಾಡ್ಕೋಬೇಡಿ.”

ವಾಯಿದೆಯ ಮೇಲೆ ವಾಯಿದೆ ಪಡೆದೆವು; ಕೊನೆಗೊಮ್ಮೆ ‘ನಮ್ಮವರು’ ಬಂದರು. ಗೆದ್ದೆವು. ತೀರ್ಪು ಕೈಗೆ ಬಂದಾಗ ಎರಡೂ ಕಡೆಯವರು ನೇರವಾಗಿ ಕೊನೆಯ ಪುಟಕ್ಕೆ ಹೋಗಿ ಸಹಿ ನೋಡಿದೆವು. ಕಾರಣಗಳನ್ನು ಯಾರೂ ಓದಲಿಲ್ಲ. ಮೆಟ್ಟಿಲಿಳಿಯುವಾಗ ತಂಗಿಯ ಗಂಡ ನನ್ನ ಪಕ್ಕಕ್ಕೆ ಬಂದ. ಅವನ ಮುಖದಲ್ಲಿ ಸಿಟ್ಟು ಇರಲೇ ಇಲ್ಲ. ನಾನು ಹೆದರಿದ್ದು ಆಗಲೇ.

“ಭಾವ, ಊಟ ಆಯ್ತಾ? ನಿಮ್ಮೋರು ಕೂತಿದ್ರು, ನಿಮಗೆ ಬಂತು. ಇರ್ಲಿ, ಅಪೀಲಿದೆ. ಮೇಲಿನ ಕೋರ್ಟಲ್ಲಿ ಮೂರು ಕುರ್ಚಿ ಖಾಲಿ ಇವೆಯಲ್ಲ, ತುಂಬ್ಲಿ. ಆಮೇಲೆ ನೋಡೋಣ.”

ಅವನಿಗೆ ಕೊಡಲು ಉತ್ತರ ಸಿಕ್ಕೀತೆಂದು ಮನೆಗೆ ಬಂದು ತೀರ್ಪು ಓದಿದೆ. ನ್ಯಾಯಾಧೀಶರು ಶಾಲೆಯ ಟೀಚರ ಮಾತು ಕೇಳಿದ್ದರು. ಮಗುವಿಗೆ ಉಬ್ಬಸ ಬಂದಾಗ ಎದ್ದು ಕೂರುವವರು ಯಾರೆಂದು ವಿಚಾರಿಸಿದ್ದರು. ತಂದೆಯ ಪ್ರೀತಿಯನ್ನೂ ಮರ್ಯಾದೆಯಿಂದ ಒಪ್ಪಿಕೊಂಡಿದ್ದರು. ಒಳ್ಳೆಯ ಕಾರಣಗಳು ಎನ್ನಿಸಿತು. ಮರುಗಳಿಗೆಗೆ, ಅವರು ಆ ಕಡೆಯವರಾಗಿದ್ದರೆ ಇಷ್ಟೇ ಅಂದವಾಗಿ ತಿರುಗಿಸಿ ಬರೆಯುತ್ತಿದ್ದರೇನೋ ಎಂದೂ ಅನ್ನಿಸಿತು. ಪ್ರಾಮಾಣಿಕರಾಗಿದ್ದಿರಬಹುದಾದ ಒಬ್ಬರನ್ನು, ಅವರಿಂದ ಗೆದ್ದ ನಾನೇ ನಂಬಲಾರೆ. ಈ ಸಾಧನೆಗೆ ತಮ್ಮ ಸಮಿತಿಯನ್ನು ಅಭಿನಂದಿಸಬೇಡವೇ? ಆ ಮೂರು ಕುರ್ಚಿಗಳಿಗೆ ಹೆಸರುಗಳು ಇನ್ನೂ ತೀರ್ಮಾನವಾಗಿಲ್ಲ; ಆಗಲೇ ಸಭೆ ಮುಗಿಸಿ ಹೊರಬಂದ ತಮ್ಮ ಸದಸ್ಯರೊಬ್ಬರು “ನಮಗೆ ಎರಡು, ಅವರಿಗೆ ಒಂದು” ಎಂದು ನಕ್ಕದ್ದನ್ನು ಟೀವಿಯಲ್ಲಿ ನೋಡಿದೆ. ಯಾವುದೋ ಮದುವೆ ಮನೆಯಲ್ಲಿ ಕೋಣೆ ಹಂಚಿದಷ್ಟು ಸಲೀಸಾಗಿತ್ತು. ಹಂಚಿಕೆಯಾದದ್ದರಲ್ಲಿ ನನ್ನ ತಂಗಿಯ ಮಗಳೂ ಇದ್ದಾಳೆಂದು ಅವರಿಗೆ ಯಾರಾದರೂ ಹೇಳಿದ್ದಾರೆಯೇ?

ಮಗುವಿನ ಬಟ್ಟೆಗಳು ಇನ್ನೂ ಪೆಟ್ಟಿಗೆಯಲ್ಲೇ ಇವೆ. ತಂಗಿ ದಿನಕ್ಕೊಂದು ಜೊತೆ ತೆಗೆಯುತ್ತಾಳೆ, ಒಗೆದು ಮಡಚಿ ಮತ್ತೆ ಅಲ್ಲೇ ಇಡುತ್ತಾಳೆ. ನಿನ್ನೆ ಮಗು ಕೇಳಿತು:

“ಮಾಮ, ನಾವು ಗೆದ್ವಲ್ಲ? ಮತ್ತೆ ನನ್ನ ಬೀರು ಯಾಕೆ ಖಾಲಿ?”

“ಕುರ್ಚಿ ತುಂಬ್ಲಿ ಪುಟ್ಟಾ, ಆಮೇಲೆ ನೋಡೋಣ,” ಎಂದೆ. ಅದು ಅವಳಪ್ಪನ ಮಾತು. ತಂಗಿ ಮಡಚುತ್ತಿದ್ದ ಲಂಗವನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು.

ಆದ್ದರಿಂದ, ಮಾನ್ಯರೇ, ಆ ಕುರ್ಚಿಗಳಲ್ಲಿ ನಮ್ಮವರನ್ನು ಕೂರಿಸಬೇಡಿ ಎಂದು ಕೇಳುತ್ತಿದ್ದೇನೆ. ಅವನವರನ್ನೂ ಬೇಡ. ಹೆಸರು ಕೇಳಿದ ಕೂಡಲೇ ನಾವಿಬ್ಬರೂ ಯಾರ ಕಡೆಯವರೆಂದು ಲೆಕ್ಕ ಸಿಗದೆ ತಡಬಡಾಯಿಸುವಂಥವರನ್ನು ಹುಡುಕಿ. ಏಕೆ ಆರಿಸಿದಿರೆಂದು ಬಾಗಿಲು ತೆರೆದು ಹೇಳಿ. ಅಂಥವರ ಮುಂದೆ ನಾವು ಸೋತರೂ ಸೋಲಬಹುದು. ಆದರೂ ಆ ಪೆಟ್ಟಿಗೆ ಯಾವುದಾದರೂ ಒಂದು ಮನೆಯಲ್ಲಿ ಪೂರ್ತಿ ಬಿಚ್ಚಿಕೊಳ್ಳಲಿ.

ಇಂತಿ,
ತಮ್ಮ ಮುಂದಿನ ಸಭೆಯವರೆಗೆ ಗೆದ್ದಿರುವ
ಒಬ್ಬ ಸೋದರಮಾವ