ಹೋಂಸ್ಟೇ ಅಲ್ಲ, ಮನೆ

ಮಾನ್ಯ ಪಂಚಾಯಿತಿ ಅಧಿಕಾರಿಗಳಿಗೆ,

ಕಳಸ ರಸ್ತೆಯ ನಮ್ಮ ಮನೆಯನ್ನು ಹೋಂಸ್ಟೇ ಎಂದು ಬರೆದು ಕಂದಾಯ ಏರಿಸಿದ್ದೀರಿ. ಅಳತೆಗೆ ಬಂದವರು ಅಂಗಳದ ಜೀಪುಗಳನ್ನೂ ಜಗುಲಿಯ ಹಾಸಿಗೆಗಳನ್ನೂ ನೋಡಿ, "ಗೆಸ್ಟ್ ಜೋರಿದಾರಲ್ಲ ಮಾರಾಯ್ರೆ!" ಅಂದದ್ದು ಒಳಗೆ ನನಗೂ ಕೇಳಿಸಿತ್ತು. ಅವರೆಲ್ಲ ನನ್ನ ಗಂಡ ಸಫ್ದರ್ ತೀರಿಕೊಂಡರೆಂದು ಬಂದ ನೆಂಟರು. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರುವ ಇದ್ದತ್ ಕೂತಿದ್ದ ನಾನು ಪರಗಂಡಸರೆದುರು ಬಂದು ಹೇಳುವ ಹಾಗಿರಲಿಲ್ಲ.

ಈಗ ಗೇಟಿನ ಸದ್ದಾದರೆ, ಪರವಾನಗಿ ಕೇಳಲು ಪೊಲೀಸರೇ ಬಂದರೋ ಎಂದು ಕಿಟಕಿಯಿಂದ ಇಣುಕಿ ನೋಡುತ್ತೇನೆ. ದಯವಿಟ್ಟು ಇನ್ನೊಮ್ಮೆ ಬಂದು ನೋಡಿ, ಮನೆಯ ಕಂದಾಯವನ್ನೇ ಹಾಕಿ. ಇದ್ದತ್ ಮುಗಿದಿದೆ, ನಾನೇ ಬಾಗಿಲಿಗೆ ಬರುತ್ತೇನೆ. ಇಲ್ಲಿರುವುದು ನಾನೊಬ್ಬಳೇ. ಹೊಸ್ತಿಲ ಹೊರಗೆ ಗಂಡಸಿನ ಚಪ್ಪಲಿ ಕಾಣಬಹುದು, ಗೆಸ್ಟಿನದೆಂದು ಬರೆದುಕೊಳ್ಳಬೇಡಿ. ಅದನ್ನು ಎತ್ತಿಡಲು ನನ್ನಿಂದ ಇನ್ನೂ ಆಗಿಲ್ಲ.

ಇಂತಿ,
ಖುರ್ಷೀದಾ