ಖೋ-ಖೋ ಬಿಟ್ಟುಹೋದ ತಾಹೆರಾಗೆ

ಯಲಹಂಕ, ೧೯೮೪

ತಾಹೆರಾ,

ಮದುವೆಯಾಗಿ ಆರ್.ಟಿ. ನಗರ ಬಿಟ್ಟ ಮೇಲೆ ನೀನೆಲ್ಲಿದ್ದೀಯೋ ತಿಳಿಯದು. ಆದರೂ ಇವತ್ತಿನ ಸುದ್ದಿ ನಿನಗೇ ಹೇಳಬೇಕು.

ನಾನೀಗ ಇಲ್ಲಿನ ಶಾಲೆಯಲ್ಲಿ ಪಿ.ಟಿ. ಟೀಚರ್. ಹೋದ ವಾರ ನನ್ನ ವಿದ್ಯಾರ್ಥಿನಿ ವನಜಾಕ್ಷಿ ಖೋ-ಖೋ ಬಿಡುತ್ತೇನೆಂದಳು. ಕೂರಿಸಿ ಕೇಳಿದೆ. ಅವಳು ಆಡುವ ಖೋ-ಖೋ ಕ್ಲಬ್ಬಿನ ಕೋಚ್, ಹಿಂದೆ ನಮಗೂ ಕಲಿಸಿದ ಅದೇ ಮನುಷ್ಯ, ಮಾಲೀಶಿನ ನೆಪದಲ್ಲಿ ಅವಳನ್ನು ರೂಮಿಗೆ ಕರೆದು ಮೈಮೇಲೆ ಕೈ ಹಾಕಿದ್ದನಂತೆ.

"ನೀನ್ಯಾಕೆ ಬಿಡ್ತೀಯಾ? ಬಿಡ್ಬೇಕಾದೋನು ಅವನು" ಅಂದೆ.

ಇವತ್ತು ಅವಳ ತಾಯಿ ಮುನಿಯಲ್ಲಮ್ಮನವರೊಂದಿಗೆ ಕ್ಲಬ್ಬಿನ ಕಾರ್ಯದರ್ಶಿಯನ್ನು ಕಂಡೆ. "ಹುಡುಗಿ ಹೆಸರು ಕೆಡುತ್ತೆ, ಸುಮ್ನಿರಿ ಮೇಡಂ" ಅಂದರು ಅವರು.

ಮುನಿಯಲ್ಲಮ್ಮ ಎದ್ದು ನಿಂತರು. "ನನ್ ಮಗಳ ಎಸ್ರು ಯಾಕ್ ಕೆಡ್ತದೆ ಸ್ವಾಮಿ? ತಪ್ ಮಾಡಿರೋನು ಅವ್ನು. ಬನ್ನಿ ಟೀಚರಮ್ಮ, ಪೊಲೀಸ್ ಟೇಸನ್‌ಗೆ ಓಗಣ."

ಬಾಗಿಲಲ್ಲಿ ತಂಡದ ಹುಡುಗಿಯರೆಲ್ಲ ನಿಂತಿದ್ದರು. "ನಾವೂ ಬರ್ತೀವಿ ಮಿಸ್" ಅಂದರು.

ಪೊಲೀಸರು ದೂರು ಬರೆದುಕೊಂಡರು. ಸಂಜೆಯೊಳಗೆ ಕ್ಲಬ್ಬು ಅವನನ್ನು ತೆಗೆದುಹಾಕಿತು. ಇನ್ನು ಹುಡುಗಿಯರಿಗೆ ನಾನೇ ಕಲಿಸುತ್ತೇನೆ. ತಾಯಂದಿರೂ ಮೈದಾನದಲ್ಲಿ ಬಂದು ಕೂರುತ್ತಾರೆ. ವನಜಾಕ್ಷಿ ಕತ್ತಲಾಗುವವರೆಗೂ ನಗುನಗುತ್ತಾ ಓಡಿದಳು.

ಅವತ್ತು ನೀನು ಮೊಣಕಾಲು ನೋವು, ಇನ್ನು ಆಡಲಾರೆ ಅಂದಾಗ ನಾನು ನೋವಿನೆಣ್ಣೆ ತಂದುಕೊಟ್ಟಿದ್ದೆ. ವನಜಾಕ್ಷಿಯನ್ನು ಕೇಳಿದ ಹಾಗೆ ನಿನ್ನನ್ನು ಕೂರಿಸಿ ಕೇಳಲಿಲ್ಲ.

ನಿನ್ನ ರುಕ್ಕು