ಹಳದಿ ದಾರದ ಕಟ್ಟುಗಳು

ಅವಲಪಲ್ಲಿ, ಹೊಸೂರು
೧೫-೩-೨೦೦೯, ಭಾನುವಾರ

ನನ್ನ ಪಾರ್ವತಮ್ಮನಿಗೆ,

ಮುನಿಗಂಗಮ್ಮ ಬರೆಯುತ್ತಿದ್ದೇನೆ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಪೆನ್ನು ಮುಂದೆ ಹೋಗಲಿಲ್ಲ. ಇದ್ದೇವೆ, ಅಷ್ಟೇ. ನೀನು ಅಂಚೆಟ್ಟಿ ಕಡೆ ತಮ್ಮನ ಮನೆಗೆ ಹೋಗಿ ತಿಂಗಳ ಮೇಲಾಯಿತು. ನಾನು ಇಷ್ಟು ದಿನ ಒಂದು ಸಾಲೂ ಬರೆಯಲಿಲ್ಲ. ಕೆಲಸವಿತ್ತು ಎಂದು ಸುಳ್ಳು ಹೇಳುವುದಿಲ್ಲ. ನಾಲ್ಕು ಸಲ ಕಾಗದ ತೆಗೆದೆ, ನಾಲ್ಕು ಸಲವೂ ಅದೇ ಕಾಗದದಲ್ಲಿ ಮಾಲಿನಿಗೆ ಬೋಂಡಾ ಕಟ್ಟಿ ಕೊಟ್ಟೆ.

ಮಾಲಿನಿ ಕೈಲಿ ಬರೆಸಬಹುದಿತ್ತು. ಆದರೆ ನನ್ನ ಮೊಮ್ಮಗಳು ಸ್ಕೂಲಿನಲ್ಲಿ ಕಲಿತಿದ್ದು ತಮಿಳು, ಅವಳ ಕನ್ನಡ ಅಕ್ಷರ ನೋಡಿದರೆ ಕಾಗೆ ಕಾಲು ಮುರಿದುಕೊಂಡ ಹಾಗಿರುತ್ತದೆ. ಇನ್ನೊಂದು ಕಾರಣವೂ ಇದೆ, ಆಮೇಲೆ ಹೇಳುತ್ತೇನೆ. ನನ್ನದು ನಾಲ್ಕನೇ ಕ್ಲಾಸು, ನಿನ್ನದು ಮೂರು, ನಮ್ಮಿಬ್ಬರಿಗೆ ಇಷ್ಟು ಸಾಕು. ಅಕ್ಷರ ಬದನೆಕಾಯಿ ಗಾತ್ರ ಬರೆದಿದ್ದೇನೆ, ನಿನ್ನ ಕಣ್ಣಿಗೆ ಕಾಣಲಿ ಎಂದು. ಬಿಸಿಲಿರುವ ಕಡೆ ಕೂತು ನೀನೊಬ್ಬಳೇ ಓದು. ತಮ್ಮನ ಕೈಗೆ ಕೊಟ್ಟು ಓದಿಸಬೇಡ.

ಗುರುವಾರ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ತಮ್ಮ ಚಿಕ್ಕಮುನಿಯಪ್ಪ ಸಿಕ್ಕಿದ್ದ. ಹುಣಸೆಹಣ್ಣಿನ ಮೂಟೆ ಇಳಿಸುತ್ತಿದ್ದ. ನಿನ್ನ ಸುದ್ದಿ ಕೇಳಿದೆ. ಅವನು ಮೂಟೆಯ ಮೇಲೆ ಕೂತುಬಿಟ್ಟ.

"ಅಕ್ಕಂಗೆ ಕೈ ಸತ್ತೋದ್ವಂತೆ ಕಣಕ್ಕೋ. ರಾತ್ರೋರಾತ್ರಿ ಸತ್ತೋದ್ವು ಅಂತಾಳೆ. ಮುದ್ದೆ ತಿರುವು ಅಂದ್ರೆ ಕೋಲು ನನ್ ಕೈಗೇ ಕೊಡ್ತಾಳೆ. ನಾನ್ ತಿರುವಿದ್ ಮುದ್ದೆ ತಿಂದು ತಿಂದು ನಂಗೇ ಹಲ್ಲು ಅಲ್ಲಾಡ್ತಾವೆ."

"ಆಸ್ಪತ್ರೆಗೆ ತೋರಿಸ್ಲಿಲ್ವೇನ್ಲಾ?" ಎಂದೆ.

"ತೋರಿಸ್ದೆ. ಡಾಕ್ಟ್ರು ಕೈ ಹಿಂಡಿ ನೋಡಿ ಏನೂ ಇಲ್ಲ ಅಂದ್ರು. ಇವ್ಳು ಡಾಕ್ಟ್ರಿಗೇ ಹೇಳ್ತಾಳೆ, ನಿಮಗ್ ಗೊತ್ತಾಗಲ್ಲ, ಕಂಪ್ನೀಲಿ ಲೆಕ್ಕ ಐತೆ ಅಂತ."

ಅವನು ನಗುತ್ತಾ ಹೇಳಿದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಯಾವ ಬಸ್ಸು ಎಂದೂ ನೋಡದೆ ಹತ್ತಿದೆ, ಅದು ಆಲಸನತ್ತಕ್ಕೆ ಹೋಗುವ ಬಸ್ಸು. ಅಲ್ಲಿ ಇಳಿದು ವಾಪಸ್ಸು ನಡೆದು ಬಂದೆ. ಅವತ್ತಿನಿಂದ ನಿಂತಲ್ಲಿ ನಿಲ್ಲುತ್ತಿಲ್ಲ, ಕೂತಲ್ಲಿ ಕೂರುತ್ತಿಲ್ಲ. ಈ ಕಾಗದ ಶುರು ಮಾಡಿದ ಮೇಲೂ ಎರಡು ಸಲ ಎದ್ದು ಅಂಗಳ ಗುಡಿಸಿದ್ದೇನೆ. "ಅಜ್ಜಿ, ನೆಲ ಸವೆದೋಗುತ್ತೆ" ಎನ್ನುತ್ತಾಳೆ ಮಾಲಿನಿ.

ಕಂಪನಿಯ ಸುದ್ದಿ ಕೇಳು. ನಮ್ಮ ಗುಲಾಬಿ ಶೆಡ್ಡಿನಲ್ಲಿ ಹನ್ನೆರಡು ಜನ ಇದ್ದೆವಲ್ಲ, ಈಗ ಆರು ಜನ. ಪ್ಲಾಸ್ಟಿಕ್ ಮನೆಗಳಲ್ಲಿ ಎರಡಕ್ಕೆ ನೀರು ನಿಲ್ಲಿಸಿದ್ದಾರೆ. ಒಳಗೆ ಗಿಡ ಒಣಗಿ ಮುಳ್ಳು ಮಾತ್ರ ನೆಟ್ಟಗೆ ನಿಂತಿವೆ. ಸೂಪರ್‌ವೈಸರ್ ವಾಸು ಅದೇ ಹಳೇ ಪಾಠ ಒಪ್ಪಿಸುತ್ತಾನೆ. ಅಮೆರಿಕಾದಲ್ಲಿ ಬ್ಯಾಂಕು ಬಿದ್ದವಂತೆ, ಅದಕ್ಕೆ ಯೂರೋಪಿನ ಗಂಡಸರು ಹೆಂಗಸರಿಗೆ ಹೂ ಕೊಡುವುದು ನಿಲ್ಲಿಸಿದರಂತೆ. "ಬ್ಯಾಂಕ್ ಬಿದ್ರೆ ಪ್ರೀತೀನೂ ಬೀಳ್ತದೇನ್ಲಾ?" ಎಂದು ಕೇಳಿದೆ. "ಪಾಟ್ಟಿ, ಅಲ್ಲಿ ಒಂದು ಹೂವಿನ ಬೆಲೆ ನಿಮ್ಮ ಒಂದು ದಿವಸದ ಕೂಲಿ" ಎಂದ. ನನ್ನನ್ನು ಅಜ್ಜಿ ಎನ್ನುವುದು ಅವನು ತಮಿಳಿನಲ್ಲೇ. ದಿನಕ್ಕೆ ಸಾವಿರದ ಮೇಲೆ ಹೂ ನನ್ನ ಕೈಯಲ್ಲಿ ಹಾದು ಹೋಗುತ್ತವೆ. ಅದರಲ್ಲಿ ಒಂದು ನನ್ನ ಕೂಲಿ. ಉಳಿದವು ಎಲ್ಲಿ ಹೋಗುತ್ತವೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಜನವರಿಯಲ್ಲಿ ಓನರ್ ಕಾರಿನಲ್ಲಿ ಬಂದು ಮಾಡಿದ ಭಾಷಣ ನಿನಗೆ ನೆನಪಿರಬೇಕು. ಕೀನ್ಯಾ ಎಂಬ ದೇಶದಲ್ಲಿ ಗುಲಾಬಿ ನಮಗಿಂತ ಅಗ್ಗ, ನಾವು ಓಡದಿದ್ದರೆ ಅವರು ನಮ್ಮನ್ನು ತುಳಿದುಕೊಂಡು ಹೋಗುತ್ತಾರೆ ಎಂದರು. ನೀನು ಪಾಪ ಹೆದರಿ ನನ್ನ ಸೆರಗು ಹಿಡಿದುಕೊಂಡೆ. ಈಗ ಯೋಚಿಸಿದರೆ ನನಗೆ ನಗು ಬರುತ್ತದೆ. ಕೀನ್ಯಾದಲ್ಲೂ ನಮ್ಮಂಥವಳೊಬ್ಬಳು ಮುದುಕಿ ಹೂ ಕಟ್ಟುತ್ತಿರುತ್ತಾಳೆ. ಅವಳ ಓನರ್ ಹೊಸೂರಿನ ಹೆಸರು ಹೇಳಿ ಅವಳನ್ನು ಹೆದರಿಸುತ್ತಿರುತ್ತಾನೆ.

ಆಮೇಲೆ ಓನರ್ ಆ ಕುಕ್ಕರ್ ಮೇಜಿನ ಮೇಲೆ ಇಟ್ಟರು. ತಿಂಗಳ ಕೊನೆಗೆ ಯಾರ ಕಟ್ಟು ಜಾಸ್ತಿಯೋ ಅವರಿಗೆ ಎಂದರು. ನಮ್ಮ ಎದುರು ಮೇಜಿನ ಕೋಮಲಾ ಅಂದ ಮಾತು ನಿನಗೂ ಕೇಳಿಸಿತ್ತು. "ಕುಕ್ಕರ್ ನಂದೇ ಬುಡಜ್ಜಿ. ನಿಮಗ್ ಹಲ್ಲೇ ಇಲ್ಲ, ಬೇಳೆ ಬೆಂದ್ರೇನು ಬೇಯ್ದಿದ್ರೇನು." ನೀನು ನಕ್ಕೆ. ನಾನೂ ನಕ್ಕೆ. ನಾನು ನಕ್ಕಿದ್ದು ಬಾಯಲ್ಲಿ ಮಾತ್ರ.

ಅವತ್ತಿನಿಂದ ಶೆಡ್ಡಿನಲ್ಲಿ ಮಾತು ನಿಂತುಹೋಯಿತು. ಅದಕ್ಕೆ ಮುಂಚೆ ಹೂ ಕಟ್ಟುತ್ತಾ ಎಷ್ಟು ಮಾತು, ಯಾರ ಮನೆಯಲ್ಲಿ ಏನು ಸಾರು, ಯಾರ ಸೊಸೆ ಯಾರಿಗೆ ಎದುರು ಹೇಳಿದಳು. ಜನವರಿಯಲ್ಲಿ ಬರೀ ಕತ್ತರಿ ಸದ್ದು. ಒಬ್ಬಳು ನೀರಿಗೆ ಎದ್ದರೆ ಉಳಿದವರ ಕಣ್ಣು ಅವಳ ಕಟ್ಟಿನ ಮೇಲೆ. ತಿಂಗಳ ಕೊನೆಗೆ ದಿನದ ಲೆಕ್ಕ ಹಾಕಿದರೆ ನನಗೆ ತೊಂಬತ್ತಮೂರು, ಕೋಮಲಾಗೆ ತೊಂಬತ್ತೊಂದು. ಕುಕ್ಕರ್ ನನಗೆ ಬಂತು.

ಆ ಕಟ್ಟುಗಳೆಲ್ಲ ಎಲ್ಲಿಗೆ ಹೋದವು ಎಂದು ನೀನೂ ನೋಡಿದ್ದೀಯ. ಶೀತದ ಕೋಣೆ ತುಂಬಿ ತುಳುಕಿತು, ಕೊಳ್ಳುವವರು ಬೇಡವೆಂದರು. ಶೆಡ್ಡಿನ ಹಿಂದೆ ಗುಂಡಿ ತೋಡಿ ಟ್ರ್ಯಾಕ್ಟರಿನಲ್ಲಿ ಸುರಿದರು. ನಮ್ಮಲ್ಲಿ ಮಾತ್ರವಲ್ಲ. ಸುತ್ತಮುತ್ತ ಎಲ್ಲ ತೋಟದಲ್ಲೂ ಅದೇ ಡಿಸೆಂಬರಿನ ಒಂದೇ ವಾರದಲ್ಲಿ ಕುಡಿ ಚಿವುಟಿದ್ದರು, ಫೆಬ್ರವರಿ ಹದಿನಾಲ್ಕಕ್ಕೆ ಹೂ ಬರಲಿ ಎಂದು. ಎಲ್ಲರ ಹೂವೂ ಒಂದೇ ವಾರ ಅರಳಿತು, ಎಲ್ಲರ ಗುಂಡಿಯೂ ಒಂದೇ ವಾರ ತುಂಬಿತು. ಒಬ್ಬನಿಗಾದರೂ ಪಕ್ಕದವನನ್ನು ಕೇಳಿ ಚಿವುಟಬೇಕು ಅನ್ನಿಸಲಿಲ್ಲ. ಕೇಳಿದರೆ ಅವನು ಒಂದು ದಿನ ಮುಂಚೆ ಚಿವುಟಿಬಿಟ್ಟರೆ ಎಂಬ ಭಯ. ಗುಂಡಿ ಹತ್ತಿರ ದನ ಬಂದು ಮೂಸಿ ನೋಡಿ ಹೋದವು. ಔಷಧಿ ಹೊಡೆದ ಹೂ, ಅವೂ ಮುಟ್ಟಲಿಲ್ಲ.

ಕೋಮಲಾ ಈಗ ನನ್ನ ಪಕ್ಕವೇ ಕೂರುತ್ತಾಳೆ, ನೀನು ಕೂರುತ್ತಿದ್ದ ಜಾಗದಲ್ಲಿ. ಮೊನ್ನೆ ಒಂದು ಮಾತು ಹೇಳಿದಳು. "ಅಜ್ಜಿ, ನಾವೇ ತೊಂಬತ್ತು ಕಟ್ಟಿ ತೋರಿಸ್ಕೊಟ್ವಿ. ಈಗ ತೊಂಬತ್ತು ಕಟ್ದಿದ್ರೆ ಮನೆಗ್ ಹೋಗು ಅಂತಾವ್ರೆ. ಆರು ಜನ ಸಾಕು ಅಂತ ಹೇಳ್ಕೊಟ್ಟೋರು ಯಾರು, ನಾವೇ ಅಲ್ವಾ?" ಅವಳಿಗೆ ಇಪ್ಪತ್ತೆಂಟು ವರ್ಷ. ನನಗೆ ಅರವತ್ತಮೂರು. ನನಗೆ ಹೊಳೆಯದ್ದು ಅವಳಿಗೆ ಹೊಳೆಯಿತು. ಕೂಲಿ ಮಾತ್ರ ಅದೇ. ಎಡಗೈ ಬೆರಳು ಊದಿಕೊಂಡು ಮಂಗಳಸೂತ್ರದ ಕೊಂಡಿ ಹಾಕಿಕೊಳ್ಳಲು ಆಗುವುದಿಲ್ಲ ಎನ್ನುತ್ತಾಳೆ, ನಾನು ಹಾಕಿಕೊಡುತ್ತೇನೆ. ಕುಕ್ಕರಿನ ಮಾತು ಇಬ್ಬರೂ ಎತ್ತುವುದಿಲ್ಲ.

ನಿನ್ನನ್ನು ಕೆಲಸದಿಂದ ಬಿಡಿಸಿದ ದಿನ ನಾನು ವಾಸು ಮೇಲೆ ಬಿದ್ದೆ ಎಂದು ನಿನಗೆ ಯಾರೋ ಹೇಳಿರಬೇಕು. ನಿಜ, ಬಿದ್ದೆ. "ಎಂಟು ವರ್ಷ ಇಲ್ಲಿ ಹೂ ಕಟ್ಟಿದೋಳು ಕಣ್ಲಾ ಅವ್ಳು. ಒಂದ್ ಕಡ್ಡಿ ಮುರೀಲಿಲ್ಲ, ಒಂದ್ ದಳ ಉದುರಿಸ್ಲಿಲ್ಲ" ಎಂದೆ. ಅವನು ಕಾಗದ ತೋರಿಸಿದ. "ನಾನೇನ್ ಮಾಡ್ಲಿ ಪಾಟ್ಟಿ, ಓನರ್ ನಂಬರ್ ಕೇಳ್ತಾರೆ. ಡಿಸೆಂಬರಲ್ಲಿ ಇವರು ಎಪ್ಪತ್ತು. ಜನವರಿಯಲ್ಲಿ ಐವತ್ತೈದು. ಎಲ್ಲರದೂ ಮೇಲೆ ಹೋಗಿದೆ, ಇವರದು ಮಾತ್ರ ಕೆಳಗೆ." ನಾನು ಇನ್ನೇನೋ ಕೂಗುವವಳಿದ್ದೆ. ಆ ನಂಬರ್ ಕೇಳಿದ ಮೇಲೆ ನನ್ನ ಬಾಯಿ ಬಿದ್ದುಹೋಯಿತು. ನನ್ನ ಬಾಯಿ ಬಿದ್ದುಹೋಗಿದ್ದನ್ನು ಶೆಡ್ಡಿನವರು ಮೊದಲ ಸಲ ನೋಡಿದರು.

ನೀನು ಗೇಟಿನ ಹತ್ತಿರ ನಿಂತು ಎರಡು ಕೈಯನ್ನೂ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದೆ. "ನನ್ ಕೈಗೇನಾಯ್ತು ಗಂಗೀ? ಹಂಗೇ ಕಟ್ತಿದ್ನಲ್ಲೇ" ಎಂದು ನನ್ನನ್ನು ಕೇಳಿದೆ. ನಾನು ಏನು ಹೇಳಿದೆ ಗೊತ್ತಾ? ವಯಸ್ಸಾಯ್ತು ಬುಡು ಎಂದೆ. ಎರಡು ದಿನಕ್ಕೆ ನೀನು ಹೇಳದೆ ಕೇಳದೆ ಊರಿಗೆ ಹೋಗಿಬಿಟ್ಟೆ.

ಮಾಲಿನಿ ಹತ್ತನೇ ಕ್ಲಾಸಿನ ಪರೀಕ್ಷೆಗೆ ಓದುತ್ತಿದ್ದಾಳೆ. ನಿನ್ನನ್ನು ಕೇಳುತ್ತಾಳೆ. ನೀನು ಹೆಣೆದುಕೊಟ್ಟ ತೋರಣ ಇನ್ನೂ ಬಾಗಿಲ ಮೇಲಿದೆ, ಬಣ್ಣ ಹೋಗಿದೆ, ಬಿಚ್ಚಲು ಬಿಡುವುದಿಲ್ಲ. ಯುಗಾದಿಗೆ ಹೊಸದು ಬೇಕಂತೆ, ಪಾರ್ವತಜ್ಜಿಯೇ ಮಾಡಬೇಕಂತೆ.

ಮೈ ಕಡೆ ನೋಡಿಕೋ. ಬೆಟ್ಟದ ದಾರಿ, ಮುಸ್ಸಂಜೆಯಲ್ಲಿ ಒಬ್ಬಳೇ ಓಡಾಡಬೇಡ. ನಿನ್ನ ತಮ್ಮನ ಹಲ್ಲುಗಳನ್ನು ಆ ಮುನೇಶ್ವರನೇ ಕಾಪಾಡಲಿ. ನಿನ್ನ ಕಣ್ಣಿಗೆ ಬೆಳಕಿರಲಿ, ನಿನ್ನ ಒಲೆ ನಿನ್ನ ಕೈಯಲ್ಲೇ ಉರಿಯಲಿ.

ಇಂತಿ,
ನಿನ್ನ ಮುನಿಗಂಗಮ್ಮ

ಮರೆತ ಮಾತು: ಮರೆತಿಲ್ಲ. ಇದನ್ನು ಬರೆಯುವುದಕ್ಕೇ ಕೂತಿದ್ದು. ಮಾಲಿನಿಗೆ ಹೇಳಿ ಬರೆಸದಿದ್ದುದೂ ಇದಕ್ಕೇ.

ನಮಗೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ, ಸಂಜೆ ದಾರ ನೋಡಿ ವಾಸು ಎಣಿಸುತ್ತಿದ್ದ. ನನ್ನದು ಕೆಂಪು, ನಿನ್ನದು ಹಳದಿ. ನಿನಗೆ ಕಾಣುವ ಬಣ್ಣ ಅದೊಂದೇ ಎಂದು ನಾನೇ ಆರಿಸಿಕೊಟ್ಟಿದ್ದೆ. ಎರಡು ವರ್ಷದ ಹಿಂದೆ ನಿನ್ನ ಕಣ್ಣು ಇನ್ನಷ್ಟು ಮಂಜಾದಾಗ ನಿನ್ನ ಕಟ್ಟು ಕಮ್ಮಿಯಾಗತೊಡಗಿತು. ನಿನಗೆ ಹೇಳಿದರೆ ಕುಗ್ಗುತ್ತೀಯ ಎಂದು ಹೇಳಲಿಲ್ಲ. ನಾನು ಕಟ್ಟಿದ ಕಟ್ಟುಗಳಲ್ಲಿ ದಿನಕ್ಕೆ ಹದಿನೈದಕ್ಕೆ ನಿನ್ನ ಉಂಡೆಯಿಂದ ಹಳದಿ ದಾರ ಎಳೆದು ಸುತ್ತಿ ನಿನ್ನ ಕಡೆ ತಳ್ಳುತ್ತಿದ್ದೆ. ಎರಡು ವರ್ಷ, ಒಂದು ದಿನವೂ ತಪ್ಪಿಸಲಿಲ್ಲ. ನಿನಗೆ ಎಪ್ಪತ್ತು ಬರುತ್ತಿತ್ತು. ನೀನು ಖುಷಿಯಾಗಿ ಮನೆಗೆ ಹೋಗುತ್ತಿದ್ದೆ.

ಕುಕ್ಕರ್ ಮೇಜಿಗೆ ಬಂದ ದಿನ ನಿಲ್ಲಿಸಿದೆ. ಒಂದು ತಿಂಗಳ ಮಟ್ಟಿಗೆ ಎಂದುಕೊಂಡೆ. ಆ ಹದಿನೈದು ಇಲ್ಲದಿದ್ದರೆ ನನಗೆ ಎಪ್ಪತ್ತೆಂಟು, ಕೋಮಲಾ ಗೆಲ್ಲುತ್ತಿದ್ದಳು. ನನಗೆ ಕುಕ್ಕರ್ ಬೇಕಿರಲಿಲ್ಲ ಪಾರ್ವತಿ. ನಮ್ಮ ಮನೆಯಲ್ಲಿ ಒಂದಿದೆ. ಗೆಲ್ಲಬೇಕಿತ್ತು. ಓನರನ್ನು ಬೈಯುತ್ತೇನೆ, ಕೀನ್ಯಾ ಬೈಯುತ್ತೇನೆ, ಅಮೆರಿಕಾದ ಬ್ಯಾಂಕು ಬೈಯುತ್ತೇನೆ. ನಿನ್ನ ಪಕ್ಕದಲ್ಲಿ ಕೂತಿದ್ದವಳು ನಾನು.

ವಾಸುಗೆ ನಿಜ ಹೇಳಿದರೂ ನಿನ್ನ ಕೆಲಸ ವಾಪಸ್ಸು ಬರುವುದಿಲ್ಲ. ಎರಡು ವರ್ಷದಿಂದಲೂ ಐವತ್ತೈದೇ ಎಂದು ಆ ಕಾಗದದಲ್ಲಿ ಬರೆದುಕೊಳ್ಳುತ್ತಾನೆ. ಅದಕ್ಕೆ ಅವನಿಗೆ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ನಿನ್ನ ಕೈ ರಾತ್ರೋರಾತ್ರಿ ಸಾಯಲಿಲ್ಲ. ಡಿಸೆಂಬರಿನಲ್ಲಿ ಹೇಗಿತ್ತೋ ಜನವರಿಯಲ್ಲೂ ಹಾಗೇ ಇತ್ತು, ಇವತ್ತೂ ಹಾಗೇ ಇದೆ. ನಿಂತಿದ್ದು ನನ್ನ ಕೈ.

ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನೀನು ಅಂಚೆಟ್ಟಿವರೆಗೆ ಬರಬೇಡ, ನಾಲ್ಕು ಮೈಲಿ ನಾನೇ ನಡೆಯುತ್ತೇನೆ. ಕುಕ್ಕರ್ ತರುವುದಿಲ್ಲ, ಅದನ್ನು ನಿನ್ನ ಮುಂದೆ ಇಡುವ ಮುಖ ನನಗಿಲ್ಲ. ನೀನು ಬಾಗಿಲು ತೆಗೆಯದಿದ್ದರೆ ಜಗಲಿ ಮೇಲೆ ಕೂತಿದ್ದು ಸಂಜೆ ಬಸ್ಸಿಗೆ ಹೋಗುತ್ತೇನೆ. ತೆಗೆದರೆ, ಬೈಯುವುದಿದ್ದರೆ ಒಲೆ ಮುಂದೆ ಕೂತು ಬೈಯಿ, ಮುದ್ದೆ ತಿರುವುತ್ತಾ ಬೈಯಿ. ಕೋಲು ಮಾತ್ರ ತಮ್ಮನ ಕೈಗೆ ಕೊಡಬೇಡ.